ಡಿಟೆಕ್ಟರ್ ಸುಮ್ಮಸುಮ್ಮನೆ ಕೂಗುತ್ತಿದೆಯೇ? ಹೊಲದಲ್ಲೂ ಹಳ್ಳದಲ್ಲೂ ದೋಷ ಹುಡುಕುವ ಬಗೆ

ಹಳೆಯ ನಾಣ್ಯ ಹುಡುಕಲು ಹೊಲಕ್ಕೆ ಇಳಿದಿರುತ್ತೀರಿ. ಮೆಟಲ್ ಡಿಟೆಕ್ಟರ್ ಆನ್ ಮಾಡಿದ ಕೂಡಲೇ ಒಂದೇ ಸಮನೆ ಕೂಗಲು ಶುರು ಮಾಡುತ್ತದೆ. ಅಗೆದರೆ ಏನೂ ಇಲ್ಲ. ಇಲ್ಲವೇ ಇದರ ಉಲ್ಟಾ ಆಗುತ್ತದೆ: ಇಡೀ ಬೆಳಗ್ಗೆ ಓಡಾಡಿದರೂ ಒಂದು ಸದ್ದಿಲ್ಲ. ಎರಡರಲ್ಲೂ ಮೊದಲು ಬರುವ ಅನುಮಾನ ಒಂದೇ, ಮಷಿನ್ ಕೆಟ್ಟಿದೆ ಅಂತ. ಆದರೆ ಮಷಿನ್ ನಿಜಕ್ಕೂ ಕೆಟ್ಟಿರುವುದು ಅಪರೂಪ. ಮೇಲೆ ಹಾದುಹೋದ ಕರೆಂಟಿನ ತಂತಿ, ಕೆಳಗಿನ ಮಣ್ಣು, ಕೋಲಿನ ತುದಿಯ ಹುಡುಕುವ ತಟ್ಟೆ ಅಂದರೆ ಕಾಯಿಲ್‌ನ ಕವರ್ ಒಳಗೆ ಕೂತ ಮರಳು, ಸಡಿಲವಾದ ಕೇಬಲ್, ಕಾಲಿನ ಬೂಟು, ಹೀಗೆ ಯಾವುದೋ ಒಂದು ಕಾರಣ ಇರುತ್ತದೆ. ರಿಪೇರಿಗೆ ಕಳಿಸುವ ಮೊದಲು, ಸೆಟಿಂಗ್‌ಗಳನ್ನೆಲ್ಲ ಒಟ್ಟಿಗೆ ತಿರುಗಿಸಿ ಗೊಂದಲ ಮಾಡಿಕೊಳ್ಳುವ ಮೊದಲು, ಆ ಕಾರಣವನ್ನು ಒಂದೊಂದಾಗಿ ಬೇರ್ಪಡಿಸಬೇಕು.

ಈ ತೊಂದರೆ ಡಿಟೆಕ್ಟರ್‌ನಷ್ಟೇ ಹಳೆಯದು. 1881ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಗುಂಡೇಟು ಬಿತ್ತು. ಮೈಯೊಳಗೆ ಗುಂಡು ಎಲ್ಲಿದೆ ಎಂದು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ತಂತಿ ಸುರುಳಿಗಳ ಒಂದು ಉಪಕರಣ ತಂದರು. ಇಂದಿನ ಡಿಟೆಕ್ಟರ್‌ನ ಮೂಲ ತತ್ವ ಅದರಲ್ಲೇ ಇತ್ತು. ಮೊದಲ ಸಲ ಉಪಕರಣದ ಒಂದು ಜೋಡಣೆಯೇ ತಪ್ಪಿತ್ತು. ಅದನ್ನು ಸರಿ ಮಾಡಿ ಎರಡನೇ ಸಲ ಹಿಡಿದಾಗ ಮೈಯ ಅಗಲವಾದ ಜಾಗದಲ್ಲೆಲ್ಲ ಸಣ್ಣ ಸದ್ದು ಕೇಳಿಸಿತು. ಆಮೇಲೆ ತಿಳಿದದ್ದು, ಅಧ್ಯಕ್ಷರು ಮಲಗಿದ್ದ ಹಾಸಿಗೆಯ ಕೆಳಗೆ ಉಕ್ಕಿನ ತಂತಿಯ ಇನ್ನೊಂದು ಹಾಸು ಇತ್ತು. ಅಷ್ಟೇ ಅಲ್ಲ, ವೈದ್ಯರು ಹುಡುಕಲು ಬಿಟ್ಟದ್ದು ಬಲಗಡೆ ಮಾತ್ರ, ಗುಂಡು ಇದ್ದದ್ದು ಎಡಗಡೆ. ಉಪಕರಣದ ದೋಷ, ಸುತ್ತಲಿನ ಲೋಹದ ಗಲಾಟೆ, ತಪ್ಪು ಜಾಗದಲ್ಲಿ ಹುಡುಕಾಟ: ಇಂದಿಗೂ ನಾವು ಬಿಡಿಸಬೇಕಾದ ಮೂರು ಗಂಟುಗಳು ಇವೇ.

ಮೊದಲು ಮಾಡಬೇಕಾದ ಪರೀಕ್ಷೆ

ಕಾಯಿಲ್‌ನ ಒಳಗೆ ಸಾಮಾನ್ಯವಾಗಿ ಎರಡು ತಂತಿ ಸುರುಳಿಗಳಿರುತ್ತವೆ. ಒಂದು ಅಲೆಯನ್ನು ಹೊರಡಿಸುತ್ತದೆ, ಇನ್ನೊಂದು ವಾಪಸ್ ಬಂದದ್ದನ್ನು ಕೇಳುತ್ತದೆ. ಹತ್ತಿರ ಲೋಹ ಇಲ್ಲದಾಗ ಕೇಳುವ ಸುರುಳಿಗೆ ಏನೂ ಕೇಳಿಸದ ಹಾಗೆ ಎರಡನ್ನೂ ತಕ್ಕಡಿಯಂತೆ ಸಮ ತೂಗಿಸಿ ಕೂರಿಸಿರುತ್ತಾರೆ. ನಾಣ್ಯ ಎದುರಾದಾಗ ಆ ಸಮತೋಲ ಒಂಚೂರು ತಪ್ಪುತ್ತದೆ. ಅಷ್ಟನ್ನೇ ದೊಡ್ಡದು ಮಾಡಿ ಮಷಿನ್ ನಮಗೆ ಸದ್ದಾಗಿ ಕೊಡುತ್ತದೆ. ಸಮತೋಲ ಯಾವ ಕಾರಣಕ್ಕೆ ತಪ್ಪಿತು ಅನ್ನುವುದು ಅದಕ್ಕೆ ಗೊತ್ತಿಲ್ಲ. ಅದನ್ನು ನಾವು ಕಂಡುಹಿಡಿಯಬೇಕು.

ಕರೆಂಟಿನ ತಂತಿ, ಕಟ್ಟಡ, ವಾಹನಗಳಿಂದ ದೂರ, ಬಯಲಲ್ಲಿ ನಿಲ್ಲಿ. ಮನೆಯೊಳಗೆ ಈ ಪರೀಕ್ಷೆ ಮಾಡಲೇಬೇಡಿ. ಗೋಡೆಯ ವೈರಿಂಗ್, ನೆಲದೊಳಗಿನ ಕಬ್ಬಿಣದ ಸರಳು, ಎಲ್‌ಇಡಿ ದೀಪ ಎಲ್ಲ ಸೇರಿ ಒಳ್ಳೆಯ ಮಷಿನ್ನನ್ನೂ ಹುಚ್ಚು ಹಿಡಿಸುತ್ತವೆ. ಮೊಬೈಲ್ ದೂರ ಇಡಿ. ಗುಂಡಿಯೊಳಗೆ ಹುಡುಕಲು ಬಳಸುವ ಕೈಹಿಡಿಯ ಚಿಕ್ಕ ಡಿಟೆಕ್ಟರ್, ಅಂದರೆ ಪಿನ್‌ಪಾಯಿಂಟರ್ ಆಫ್ ಮಾಡಿ. ಹೆಡ್‌ಫೋನ್ ತೆಗೆದು ಮಷಿನ್‌ನ ಸ್ಪೀಕರ್‌ನಲ್ಲೇ ಕೇಳಿ. ಹೊಸ ಬ್ಯಾಟರಿ ಹಾಕಿ, ಫ್ಯಾಕ್ಟರಿ ರಿಸೆಟ್ ಕೊಟ್ಟು, ಎಷ್ಟು ಸಣ್ಣ ಸಿಗ್ನಲ್‌ಗೂ ಸದ್ದು ಮಾಡಬೇಕು ಎಂದು ಹೇಳುವ ಸೆಟಿಂಗ್ ಆದ ಸೆನ್ಸಿಟಿವಿಟಿಯನ್ನು ನಡುವೆ ಇಡಿ.

ಈಗ ಕಾಯಿಲ್ಲನ್ನು ಸೊಂಟದ ಎತ್ತರಕ್ಕೆ ಎತ್ತಿ ಅಲುಗಾಡಿಸದೆ ಹಿಡಿಯಿರಿ. ಅರ್ಧ ನಿಮಿಷ ಕೇಳಿ. ಆಮೇಲೆ ಅದೇ ಎತ್ತರದಲ್ಲಿ ಗಾಳಿಯಲ್ಲೇ ಎಡಕ್ಕೂ ಬಲಕ್ಕೂ ಬೀಸಿ. ಆಮೇಲೆ ಲೋಹ ಇಲ್ಲದ ನೆಲದ ಮೇಲೆ ತಂದು ಮೇಲೆ ಕೆಳಗೆ ಆಡಿಸಿ. ಕೊನೆಗೆ ಕಾಯಿಲ್‌ನ ಅಂಚಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿ.

ಅಲುಗಾಡದಿದ್ದಾಗಲೇ ಕೂಗಿದರೆ ಸುತ್ತಲಿನ ವಿದ್ಯುತ್ ಗದ್ದಲ ಅಥವಾ ಒಳಗಿನ ದೋಷ. ಗಾಳಿಯಲ್ಲಿ ಬೀಸಿದಾಗ ಮಾತ್ರ ಕೂಗಿದರೆ ಕೇಬಲ್, ಕನೆಕ್ಟರ್, ಕವರ್ ಅಥವಾ ನಿಮ್ಮ ಮೈಮೇಲಿನ ಲೋಹ. ನೆಲದ ಹತ್ತಿರ ಮಾತ್ರ ಕೂಗಿದರೆ ಮಣ್ಣು. ತಟ್ಟಿದಾಗ ಕೂಗಿದರೆ ಕಾಯಿಲ್. ಎಲ್ಲದರಲ್ಲೂ ಸುಮ್ಮನಿದ್ದರೆ ಮಷಿನ್ ಸರಿಯಿದೆ, ತೊಂದರೆ ಜಾಗದ್ದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ, ಅಲ್ವಾ?

ಕಾಯಿಲ್ ನಿಂತಲ್ಲೇ ಕೂಗುತ್ತಿದ್ದರೆ

ನಾಣ್ಯಕ್ಕೆ ಬಳಸುವ ಹೆಚ್ಚಿನ ಡಿಟೆಕ್ಟರ್‌ಗಳು ಸುಮಾರು 5ರಿಂದ 20 ಕಿಲೋಹರ್ಟ್ಸ್ ಒಳಗೆ ಕೆಲಸ ಮಾಡುತ್ತವೆ. ಮೇಲೆ ಹಾದುಹೋಗುವ ಕರೆಂಟು 50 ಅಥವಾ 60 ಹರ್ಟ್ಸ್ ಆದರೂ, ಅದಕ್ಕೆ ಸೇರಿಸಿದ ಮೋಟರು, ಚಾರ್ಜರ್, ದೀಪಗಳು ಎಬ್ಬಿಸುವ ಗದ್ದಲ ಈ ಮಟ್ಟಕ್ಕೂ ಬರುತ್ತದೆ. ಕಾಯಿಲ್ ಅದನ್ನು ಆಂಟೆನಾದ ಹಾಗೆ ಎಳೆದುಕೊಳ್ಳುತ್ತದೆ.

ಸದ್ದಿನ ಲಯ ಕೇಳಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಸುಮಾರು ಸೆಕೆಂಡಿಗೊಂದರಂತೆ, ತಪ್ಪದೆ ಟಿಕ್ ಟಿಕ್ ಬರುತ್ತಿದ್ದರೆ ಹತ್ತಿರದಲ್ಲಿ ಎಲ್ಲೋ ದನಕರುಗಳಿಗೆ ಹಾಕಿದ ಕರೆಂಟಿನ ಬೇಲಿ ಇದೆ. ಅದು ಹಾಗೇ ಬಿಟ್ಟು ಬಿಟ್ಟು ಕರೆಂಟು ಹೊಡೆಯುತ್ತದೆ. ಸದ್ದು ಏರುತ್ತಾ ಇಳಿಯುತ್ತಾ ಅಲೆಅಲೆಯಾಗಿ ಬಂದರೆ ಇನ್ನೊಬ್ಬರ ಡಿಟೆಕ್ಟರ್ ಹತ್ತಿರ ಇದೆ ಎಂದುಕೊಳ್ಳಿ. ಜೊತೆಗಾರರು ಹತ್ತಿಪ್ಪತ್ತು ಮೀಟರ್ ದೂರ ಹೋದರೆ, ಇಲ್ಲವೇ ಇಬ್ಬರಲ್ಲಿ ಒಬ್ಬರು ಫ್ರೀಕ್ವೆನ್ಸಿ ಬದಲಿಸಿದರೆ ಸರಿಹೋಗುತ್ತದೆ. ಸೊಂಟದ ಚೀಲದಲ್ಲಿ ಆನ್ ಆಗಿಯೇ ಉಳಿದ ಪಿನ್‌ಪಾಯಿಂಟರ್ ಕೂಡ ಇದೇ ಥರದ ಸದ್ದು ಕೊಡುತ್ತದೆ. ಒಂದು ಗುಂಡಿ ಮುಚ್ಚಿ ಎದ್ದ ಮೇಲೆ ಹೊಸದಾಗಿ ಗಲಾಟೆ ಶುರುವಾದರೆ ಮೊದಲು ಅದನ್ನೇ ನೋಡಿ. ಲಯವೇ ಇಲ್ಲದೆ ಚಟಪಟ ಅಂತಿದ್ದರೆ ಮೊಬೈಲ್ ಅಥವಾ ಸ್ಮಾರ್ಟ್ ವಾಚ್ ಇರಬಹುದು. ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ನೋಡಿ. ಆಕಾಶದಲ್ಲಿ ಕಪ್ಪು ಮೋಡ ಕಟ್ಟಿದ್ದಾಗ ಇದ್ದಕ್ಕಿದ್ದಂತೆ ಚಟ್ ಎಂದರೆ ಅದು ದೂರದ ಮಿಂಚು. ಆಗ ಸೆಟಿಂಗ್ ಹುಡುಕುತ್ತಾ ನಿಲ್ಲಬೇಡಿ. ಬಯಲಲ್ಲಿ ಕೋಲು ಹಿಡಿದು ನಿಂತಿರುತ್ತೀರಿ, ತಕ್ಷಣ ಗಂಟುಮೂಟೆ ಕಟ್ಟಿ ಹೊರಡಿ.

ಗದ್ದಲ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ತಿಳಿಯಬೇಕೇ? ಕಾಯಿಲ್ಲನ್ನು ಗೋಡೆಯಂತೆ ನೆಟ್ಟಗೆ ಹಿಡಿದು ನಿಂತಲ್ಲೇ ನಿಧಾನಕ್ಕೆ ಒಂದು ಸುತ್ತು ತಿರುಗಿ. ಕೆಲವು ದಿಕ್ಕಿನಲ್ಲಿ ಸದ್ದು ಏರುತ್ತದೆ, ಕೆಲವು ಕಡೆ ತಗ್ಗುತ್ತದೆ. ಹೀಗೆ ದಿಕ್ಕಿಗೆ ತಕ್ಕಂತೆ ಬದಲಾದರೆ ಗದ್ದಲ ಹೊರಗಿನದು. ಎತ್ತ ತಿರುಗಿದರೂ, ಎಲ್ಲಿಗೆ ಹೋದರೂ ಒಂದೇ ಥರ ಇದ್ದರೆ ಮಾತ್ರ ಮಷಿನ್ ಮೇಲೆ ಅನುಮಾನ ಪಡಿ.

ಪರಿಹಾರದಲ್ಲೂ ಕ್ರಮ ಇದೆ. ಮೊದಲು ನಾಯ್ಸ್ ಕ್ಯಾನ್ಸಲ್ ಅಥವಾ ಫ್ರೀಕ್ವೆನ್ಸಿ ಶಿಫ್ಟ್ ಮಾಡಿ, ಅಂದರೆ ಗದ್ದಲ ಕಡಿಮೆ ಇರುವ ಫ್ರೀಕ್ವೆನ್ಸಿಗೆ ಮಷಿನ್ನನ್ನು ಸರಿಸಿ. ಆ ಹೊತ್ತು ಕಾಯಿಲ್ ಅಲುಗಾಡಬಾರದು, ಹತ್ತಿರ ಲೋಹ ಇರಬಾರದು. ಅದಾಗದಿದ್ದರೆ ಸೆನ್ಸಿಟಿವಿಟಿಯನ್ನು ಒಂದೊಂದೇ ಮೆಟ್ಟಿಲು ಇಳಿಸಿ. ಆಳ ಹೋಗಿಬಿಡುತ್ತದೆ ಅಂತ ತುಂಬಾ ಜನ ಇದಕ್ಕೆ ಒಪ್ಪುವುದಿಲ್ಲ. ಆದರೆ ಚಟಪಟ ಅನ್ನುವ ಮಷಿನ್‌ನಲ್ಲಿ ಆಳದ ನಾಣ್ಯದ ಮೆಲುದನಿ ಹೇಗೂ ಮುಚ್ಚಿಹೋಗಿರುತ್ತದೆ. ಸ್ವಲ್ಪ ಇಳಿಸಿ ಶಾಂತವಾಗಿ ಕೇಳಿದರೆ ಜಾಸ್ತಿಯೇ ಸಿಗುತ್ತದೆ. ಒಟ್ಟಿಗೆ ಹಲವು ಫ್ರೀಕ್ವೆನ್ಸಿ ಬಳಸುವ ಮಲ್ಟಿ ಫ್ರೀಕ್ವೆನ್ಸಿ ಮಷಿನ್ ಆದರೆ ಒಂದೇ ಫ್ರೀಕ್ವೆನ್ಸಿಗೆ ಬದಲಿಸಿ ನೋಡಿ. ಚಿಕ್ಕ ಕಾಯಿಲ್ ಇದ್ದರೆ ಹಾಕಿ, ಅದು ಎಳೆದುಕೊಳ್ಳುವ ಗದ್ದಲವೂ ಕಡಿಮೆ.

ಬೀಸಿದಾಗ ಮಾತ್ರ ಕೂಗಿದರೆ

ಈ ಗುಂಪಿನ ತೊಂದರೆಗಳೇ ಹೆಚ್ಚು ಸಮಯ ತಿನ್ನುವುದು. ಬಿಡಿಸಲು ಸುಲಭವಾದವೂ ಇವೇ.

ಕೇಬಲ್‌ನಿಂದ ಶುರು ಮಾಡಿ. ಕೋಲಿಗೆ ಅದನ್ನು ಬಿಗಿಯಾಗಿ, ಸಮನಾಗಿ ಸುತ್ತಿರಬೇಕು. ಕಾಯಿಲ್ ಬಾಗಲು ಬೇಕಾದಷ್ಟು ಸಡಿಲ ಮಾತ್ರ ಕೆಳಗೆ ಇರಲಿ. ಅದಕ್ಕಿಂತ ಜಾಸ್ತಿ ಇದ್ದು ಕಾಯಿಲ್ ಮೇಲೆ ಜೋತಾಡಿದರೆ, ಪ್ರತಿ ಬೀಸಿಗೂ ಕೇಬಲ್ಲೇ ಸಿಗ್ನಲ್ ಆಗುತ್ತದೆ. ಒಳಗೆ ತಂತಿ ಮುರಿದಿದೆಯೇ ಎಂದು ನೋಡಲು ಕಾಯಿಲ್ಲನ್ನು ಪ್ಲಾಸ್ಟಿಕ್ ಬಕೆಟ್ ಮೇಲೆ ಬೋರಲು ಇಟ್ಟು ಮಷಿನ್ ಆನ್ ಮಾಡಿ. ಕೇಬಲ್ಲನ್ನು ಎರಡು ಬೆರಳಲ್ಲಿ ಹಿಡಿದು, ಕಾಯಿಲ್ ಕಡೆಯಿಂದ ಮೇಲಕ್ಕೆ, ಗೇಣು ಗೇಣಾಗಿ ಮೆಲ್ಲಗೆ ಬಾಗಿಸುತ್ತಾ ಹೋಗಿ. ಒಂದೇ ಜಾಗದಲ್ಲಿ ಪ್ರತಿ ಸಲ ಕೂಗಿದರೆ ಮುರಿತ ಅಲ್ಲೇ. ಸಾಮಾನ್ಯವಾಗಿ ಕಾಯಿಲ್‌ಗೆ ಸೇರುವ ಬುಡದಲ್ಲಿ, ಇಲ್ಲವೇ ಕನೆಕ್ಟರ್‌ನ ಕತ್ತಿನಲ್ಲಿ ಅದು ಸಿಗುತ್ತದೆ.

ಕನೆಕ್ಟರ್ ಬಿಚ್ಚುವ ಮೊದಲು ಪವರ್ ಆಫ್ ಮಾಡಿ. ಪಿನ್ನುಗಳನ್ನು ಬಿಸಿಲಿಗೆ ಹಿಡಿದು ನೋಡಿ. ಹೊಳೆಯುತ್ತಿದ್ದರೆ ಸರಿ. ಮಂಕಾಗಿ, ಬುಡದಲ್ಲಿ ಹಸಿರು ಕಿಲುಬು ಕಟ್ಟಿದ್ದರೆ ಒಳಗೆ ನೀರು ಹೋಗಿದೆ. ಕಾಂಟ್ಯಾಕ್ಟ್ ಕ್ಲೀನರ್ ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ಉಜ್ಜಿ, ಪೂರ್ತಿ ಒಣಗಿಸಿ. ಮರಳು ಕಾಗದ ಮಾತ್ರ ಬೇಡ. ಪಿನ್ನಿನ ಲೇಪ ಹೋದರೆ ಮುಂದಿನ ಸಲ ಇನ್ನೂ ಬೇಗ ಕಿಲುಬು ಹಿಡಿಯುತ್ತದೆ.

ಆಮೇಲೆ ಕಾಯಿಲ್ ಕವರ್. ಕಾಯಿಲ್‌ನ ತಳಕ್ಕೆ ಹಾಕುವ ಪ್ಲಾಸ್ಟಿಕ್ ತಟ್ಟೆಯನ್ನು ತಿಂಗಳುಗಟ್ಟಲೆ ಬಿಚ್ಚದವರೇ ಜಾಸ್ತಿ. ಉಗುರು ಸಿಕ್ಕಿಸಿ ಅಂಚನ್ನು ಎಬ್ಬಿಸಿ ನೋಡಿ. ಒಳಗೆ ಮಣ್ಣಿನ ತೆಳುವಾದ ಹಾಳೆ ಒಣಗಿ ಬಿಲ್ಲೆಯಂತೆ ಕೂತಿರುತ್ತದೆ. ಅಂಚಿನ ಸಂದಿಯಲ್ಲಿ ನುಣ್ಣನೆಯ ಕಪ್ಪು ಮರಳು ಸಾಲುಗಟ್ಟಿರುತ್ತದೆ. ಒಂದು ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಆ ಮರಳಿನ ಹತ್ತಿರ ತನ್ನಿ. ಕಪ್ಪು ಕಾಳುಗಳು ಹಾರಿ ಬಂದು ಚೀಲದ ಮೇಲೆ ಸೆಟೆದು ನಿಲ್ಲುತ್ತವೆ. ಅದು ಮ್ಯಾಗ್ನಟೈಟ್, ಕಬ್ಬಿಣದ ಅದಿರು. ಅದು ಕಾಯಿಲ್‌ಗೆ ಅಂಟಿಕೊಂಡೇ ಇದ್ದು, ಬೀಸಿದಾಗಲೆಲ್ಲ ಅತ್ತಿತ್ತ ಸರಿದಾಡುತ್ತಿದ್ದರೆ ಮಷಿನ್ ಸುಮ್ಮನಿರುವುದಾದರೂ ಹೇಗೆ? ಎರಡನ್ನೂ ತೊಳೆದು ಒಣಗಿಸಿ ಮತ್ತೆ ಹಾಕಿ. ಹಳ್ಳದಲ್ಲಿ ಹುಡುಕುವವರು ಪ್ರತಿ ಸಲ ಮನೆಗೆ ಬಂದ ಮೇಲೆ ಇದನ್ನು ಮಾಡಲೇಬೇಕು.

ಕಾಯಿಲ್ಲನ್ನು ಕೋಲಿಗೆ ಸೇರಿಸುವ ಬೋಲ್ಟ್ ಪ್ಲಾಸ್ಟಿಕ್‌ದೇ ಆಗಿರಬೇಕು. ಅದು ಕಳೆದುಹೋಗಿ ಯಾರೋ ಕಬ್ಬಿಣದ್ದು ಹಾಕಿದ್ದರೆ ದೋಷ ಅಲ್ಲೇ ಇದೆ. ಕೆಳಗಿನ ಕೋಲಿನ ತುಂಡನ್ನು ಲೋಹ ಇಲ್ಲದೆ ಮಾಡುವುದೂ ಇದೇ ಕಾರಣಕ್ಕೆ. ಕೋಲನ್ನು ತೀರಾ ಗಿಡ್ಡ ಮಾಡಿಕೊಂಡರೆ ಕಾಯಿಲ್ ಕಾಲಿನ ಹತ್ತಿರ ಬರುತ್ತದೆ, ಬೆರಳಿನ ಕಡೆ ಉಕ್ಕಿನ ತಗಡು ಇರುವ ಬೂಟು ಸಿಗ್ನಲ್ ಕೊಡುತ್ತದೆ. ಬೀಸಿನ ಒಂದೇ ತುದಿಯಲ್ಲಿ, ಅಂದರೆ ಯಾವಾಗಲೂ ಬಲಗಾಲಿನ ಹತ್ತಿರ ಬಂದಾಗಲೇ ಸದ್ದಾದರೆ ಬೂಟು ಬದಲಿಸಿ ನೋಡಿ. ಸಲಿಕೆಯನ್ನು ಯಾವ ಕೈಯಲ್ಲಿ ಹಿಡಿದಿದ್ದೀರಿ ಅನ್ನುವುದನ್ನೂ ಗಮನಿಸಿ.

ನೆಲದ ಹತ್ತಿರ ಬಂದಾಗ ಗಲಾಟೆ

ಎಲ್ಲ ಮಣ್ಣಿನಲ್ಲೂ ಒಂದಿಷ್ಟು ಕಬ್ಬಿಣದ ಖನಿಜ ಇರುತ್ತದೆ. ಅದರ ಉತ್ತರವನ್ನು ಬದಿಗಿಟ್ಟು ಲೋಹದ ಉತ್ತರವನ್ನಷ್ಟೇ ಕೇಳಿಸುವುದು ಗ್ರೌಂಡ್ ಬ್ಯಾಲೆನ್ಸ್‌ನ ಕೆಲಸ. ಅದು ತಪ್ಪಿದ್ದರೆ ಕಾಯಿಲ್ ಸ್ವಲ್ಪ ಎತ್ತಿದರೂ ಇಳಿಸಿದರೂ ಸದ್ದಾಗುತ್ತದೆ. ಉತ್ತ ಹೊಲದಲ್ಲಿ ಸಾಲು, ಹೆಂಟೆಗಳ ಮೇಲೆ ಕಾಯಿಲ್ ಏರಿಳಿಯುತ್ತಲೇ ಇರುವುದರಿಂದ ಅಲ್ಲಿ ಇದು ಬೇಗ ಗೊತ್ತಾಗುತ್ತದೆ.

ಲೋಹ ಇಲ್ಲದ ಒಂದು ಜಾಗ ಹುಡುಕಿ. ಕಾಯಿಲ್ಲನ್ನು ನೆಲದಿಂದ ನಾಲ್ಕೈದು ಸೆಂಟಿಮೀಟರ್‌ನಿಂದ ಒಂದು ಅಡಿಯವರೆಗೆ ಎತ್ತಿ ಇಳಿಸುತ್ತಾ, ಎರಡೂ ಕಡೆ ಸದ್ದು ಒಂದೇ ಆಗುವವರೆಗೆ ಬ್ಯಾಲೆನ್ಸ್ ಮಾಡಿ. ಗುಂಡಿ ಒತ್ತಿದರೆ ತಾನೇ ಮಾಡಿಕೊಳ್ಳುವ ಮಷಿನ್‌ನಲ್ಲೂ ಎತ್ತಿ ಇಳಿಸುವ ಕೆಲಸ ನಮ್ಮದೇ. ತೆರೆಯಲ್ಲಿ ಕಾಣುವ ಬ್ಯಾಲೆನ್ಸ್ ಸಂಖ್ಯೆ ಒಂದು ಕಡೆ ನಿಲ್ಲದೆ ಕುಣಿಯುತ್ತಿದ್ದರೆ ಕೆಳಗೆ ಲೋಹ ಇದೆ, ಎರಡು ಹೆಜ್ಜೆ ಸರಿದು ಮತ್ತೆ ಮಾಡಿ.

ಬೆಳಗ್ಗೆ ಒಂದು ಸಲ ಮಾಡಿದರೆ ಸಾಲದು. ಹೊಲದ ಒಂದು ಮೂಲೆಯ ಮಣ್ಣು ಇನ್ನೊಂದು ಮೂಲೆಯಲ್ಲಿ ಇರುವುದಿಲ್ಲ. ಬೆಂಕಿ ಬಿದ್ದ ಜಾಗ ಇನ್ನೂ ಬೇರೆ. ಸುಟ್ಟ ಮಣ್ಣಿನ ಕಬ್ಬಿಣದ ಖನಿಜ ಹೆಚ್ಚು ಕಾಂತೀಯವಾಗುತ್ತದೆ. ಹಳೆಯ ಒಲೆ, ಗೂಡು, ಕುಲುಮೆ ಇದ್ದ ಕಡೆ ಮಷಿನ್ ಒಮ್ಮೆಲೇ ಗೊಣಗಲು ಶುರು ಮಾಡುವುದು ಇದಕ್ಕೇ. ಜನ ವಾಸವಿದ್ದ ಗುರುತೂ ಅದೇ ಆದ್ದರಿಂದ ಬಿಟ್ಟು ಹೋಗಬೇಡಿ. ಬ್ಯಾಲೆನ್ಸ್ ಮತ್ತೆ ಮಾಡಿ, ನಿಧಾನಕ್ಕೆ ಹುಡುಕಿ. ತಾನೇ ಸರಿ ಮಾಡಿಕೊಳ್ಳುತ್ತಾ ಹೋಗುವ ಟ್ರ್ಯಾಕಿಂಗ್ ಇದ್ದರೆ ಮಣ್ಣು ಬೇಗ ಬೇಗ ಬದಲಾಗುವ ಕಡೆ ಒಳ್ಳೆಯದು. ಆದರೆ ಆಳದ ಮೆಲು ಸಿಗ್ನಲ್ ಮೇಲೆ ಮತ್ತೆ ಮತ್ತೆ ಬೀಸುತ್ತಿದ್ದರೆ ಅದನ್ನೂ ಮಣ್ಣೇ ಎಂದು ಲೆಕ್ಕ ಹಾಕಿ ಅಳಿಸಿಬಿಡಬಹುದು. ಅಂಥ ಸಿಗ್ನಲ್ ಸಿಕ್ಕಾಗ ಟ್ರ್ಯಾಕಿಂಗ್ ನಿಲ್ಲಿಸಿ.

ಗೊಬ್ಬರ ಹಾಕಿ ಮಳೆ ಬಿದ್ದ ಹೊಲ ಇನ್ನೊಂದು ಕಥೆ. ಉಪ್ಪಿನಂಶ ಕರಗಿ ಮಣ್ಣೇ ವಿದ್ಯುತ್ ಹರಿಯಬಿಡುತ್ತದೆ. ಸಮುದ್ರದ ಹತ್ತಿರದ ಒದ್ದೆ ಮರಳೂ ಹಾಗೇ. ಅಲ್ಲಿ ಸೆನ್ಸಿಟಿವಿಟಿ ಇಳಿಸಿ. ಮಲ್ಟಿ ಫ್ರೀಕ್ವೆನ್ಸಿ ಇದ್ದರೆ ಇಂಥ ಕಡೆ ಅದೇ ಸರಿ. ಎರಡೂ ಆಗದಿದ್ದರೆ ಹೊಲ ಸ್ವಲ್ಪ ಆರಿದ ಮೇಲೆ ಬನ್ನಿ.

ಕೆಲವು ಕಲ್ಲುಗಳು ಮಾತ್ರ ಸುತ್ತಲಿನ ಮಣ್ಣಿಗಿಂತ ಬೇರೆ ಥರ ಉತ್ತರ ಕೊಟ್ಟು ನಾಣ್ಯದಂತೆ ಸದ್ದು ಮಾಡುತ್ತವೆ. ಕಾಯಿಲ್ಲನ್ನು ನಿಧಾನಕ್ಕೆ ಮೇಲೆತ್ತಿ. ಲೋಹದ ಸದ್ದು ಮೆಲ್ಲಮೆಲ್ಲಗೆ ತಗ್ಗುತ್ತದೆ, ಕಲ್ಲಿನದು ಥಟ್ಟನೆ ನಿಲ್ಲುತ್ತದೆ. ಕಲ್ಲು ಕೈಗೆ ಸಿಕ್ಕರೆ ಎತ್ತಿ ಪಕ್ಕಕ್ಕಿಟ್ಟು ನೋಡಿ, ಸದ್ದು ಅದರ ಜೊತೆ ಹೋದರೆ ಮುಗಿಯಿತು. ಸುಟ್ಟ ಕಲ್ಲಿದ್ದಲ ಗಟ್ಟಿಗಳೂ ಸಿಗ್ನಲ್ ಕೊಡುತ್ತವೆ. ಹಳೆಯ ರೈಲು ಹಳಿಯ ಆಸುಪಾಸಿನ ಹೊಲಗಳಲ್ಲಿ ಇವು ಸಾಕಷ್ಟು ಇರುತ್ತವೆ.

ಹಳ್ಳದಲ್ಲಿ ಇಳಿದಾಗ

ಇಳಿಯುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಕಾಯಿಲ್ ನೀರಿಗೆ ತಡೆಯುತ್ತದೆ ಅಂದರೆ ಕೋಲಿನ ಮೇಲ್ತುದಿಯ ಎಲೆಕ್ಟ್ರಾನಿಕ್ ಪೆಟ್ಟಿಗೆಯೂ ತಡೆಯುತ್ತದೆ ಅಂತಲ್ಲ. ಎಷ್ಟೋ ಮಷಿನ್‌ಗಳಲ್ಲಿ ಕಾಯಿಲ್ ಮಾತ್ರ ವಾಟರ್‌ಪ್ರೂಫ್. ಪೂರ್ತಿ ಮುಳುಗಿಸಬಹುದಾದ ಮಷಿನ್‌ನಲ್ಲೂ ಹೆಡ್‌ಫೋನ್ ತೂತಿನ ಮುಚ್ಚಳ, ಬ್ಯಾಟರಿ ಬಾಗಿಲಿನ ರಬ್ಬರ್ ಉಂಗುರ ಸರಿಯಾಗಿ ಕೂತಿರಬೇಕು. ಆ ರಬ್ಬರ್ ಮೇಲೆ ಕೂತ ಒಂದು ಮರಳಿನ ಕಾಳು ಸಾಕು, ನೀರು ಒಳಗೆ ಹೋಗಲು.

ಬಿಸಿಲಲ್ಲಿ ಕಾದ ಕಾಯಿಲ್ ತಣ್ಣನೆಯ ನೀರಿಗೆ ಇಳಿದಾಗ ಒಳಗಿನ ಸುರುಳಿಗಳ ಸಮತೋಲ ಸ್ವಲ್ಪ ಜರುಗುತ್ತದೆ. ಕೆಲವು ನಿಮಿಷ ನೀರಿನಲ್ಲೇ ಬಿಟ್ಟು, ಆಮೇಲೆ ನೀರಿನೊಳಗೇ ಗ್ರೌಂಡ್ ಬ್ಯಾಲೆನ್ಸ್ ಮಾಡಿ. ದಡದ ಮೇಲೆ ಮಾಡಿದ್ದು ಹಳ್ಳದ ತಳಕ್ಕೆ ಹೊಂದುವುದಿಲ್ಲ.

ದಡದ ಒದ್ದೆ ಹುಲ್ಲು ತಾಗಿದಾಗಲೆಲ್ಲ ಕೂಗುತ್ತಿದ್ದರೆ ಆಮೇಲೆ ಬಯಲಲ್ಲಿ ಒಂದು ಪರೀಕ್ಷೆ ಮಾಡಿ. ಒಣಗಿದ ಕಾಯಿಲ್ಲನ್ನು ಅಲುಗಾಡದಂತೆ ಇಟ್ಟು, ಒದ್ದೆ ಬಟ್ಟೆಯಿಂದ ಮೇಲೆ ಮೆಲ್ಲಗೆ ನೇವರಿಸಿ. ಆಗಲೂ ಕೂಗಿದರೆ ಸುರುಳಿಗಳನ್ನು ಸುತ್ತುವರಿದ ಶೀಲ್ಡ್ ಕೆಟ್ಟಿದೆ ಅಥವಾ ಅದರ ತಂತಿ ಬಿಟ್ಟಿದೆ. ಇದು ನಿಜವಾದ ಕಾಯಿಲ್ ದೋಷ, ಸೆಟಿಂಗ್‌ನಿಂದ ಸರಿಹೋಗುವುದಿಲ್ಲ. ಕಲ್ಲಿಗೆ ಜೋರಾಗಿ ತಾಗಿದಾಗ ಒಂದು ಸಲ ಸದ್ದಾಗುವುದು ಮಾತ್ರ ಎಲ್ಲ ಮಷಿನ್‌ನಲ್ಲೂ ಇದ್ದದ್ದೇ.

ಹಳ್ಳದಲ್ಲಿ ಗದ್ದಲ ಜಾಸ್ತಿ ಇರುವ ಜಾಗವನ್ನು ಕಂಡು ಬೇಸರಪಡಬೇಡಿ. ಸಾಮಾನ್ಯ ಕಲ್ಲು ನೀರಿಗಿಂತ ಸುಮಾರು 2.7 ಪಟ್ಟು ಭಾರ, ಮ್ಯಾಗ್ನಟೈಟ್ 5.2 ಪಟ್ಟು, ಬೆಳ್ಳಿ 10.5 ಪಟ್ಟು, ಸೀಸ 11.3 ಪಟ್ಟು. ನೀರಿನ ಸೆಳೆತ ಕಡಿಮೆಯಾಗುವ ಕಡೆ ಭಾರದ್ದೆಲ್ಲ ತಳ ಸೇರುತ್ತದೆ: ತಿರುವಿನ ಒಳಬದಿ, ದೊಡ್ಡ ಬಂಡೆಯ ಹಿಂಬದಿ, ತಳದ ಬಂಡೆಯ ಬಿರುಕು. ಅಂದರೆ ಮಷಿನ್ನನ್ನು ಕಂಗೆಡಿಸುವ ಕಪ್ಪು ಮರಳೂ ಹಳೆಯ ನಾಣ್ಯವೂ ಒಂದೇ ಕಡೆ ಕೂತಿರುತ್ತವೆ. ಅಲ್ಲಿ ಸೆನ್ಸಿಟಿವಿಟಿ ಇಳಿಸಿ, ಚಿಕ್ಕ ಕಾಯಿಲ್ ಹಾಕಿ, ಇಂಚಿಂಚು ನೋಡಿ. ಹರಿವು ಕಾಯಿಲ್ಲನ್ನು ಎತ್ತುತ್ತಿದ್ದರೆ ಹರಿವಿಗೆ ಅಡ್ಡವಾಗಿ ಬೀಸುವ ಬದಲು ಅದರ ಉದ್ದಕ್ಕೇ ನಿಧಾನವಾಗಿ ಆಡಿಸಿ.

ಸದ್ದೇ ಇಲ್ಲ, ಆಳ ಸಿಗುತ್ತಿಲ್ಲ

ನಿರೀಕ್ಷೆ ಸರಿಯಿದೆಯೇ ಎಂದು ಮೊದಲು ನೋಡಿ. ನಾಣ್ಯದಂಥ ಚಿಕ್ಕ ವಸ್ತುವಿನಿಂದ ವಾಪಸ್ ಬರುವ ಸಿಗ್ನಲ್, ದೂರ ಇಮ್ಮಡಿಯಾದರೆ ಸುಮಾರು 64 ಪಟ್ಟು ಕುಗ್ಗುತ್ತದೆ. ಹೋಗುವಾಗಲೂ ಬರುವಾಗಲೂ ಅಲೆ ಬಹಳ ಬೇಗ ದುರ್ಬಲವಾಗುತ್ತದೆ. ಹಾಗಾಗಿ 10 ಸೆಂಟಿಮೀಟರ್‌ನಲ್ಲಿ ಕಿವಿಗೆ ಬಡಿಯುವ ನಾಣ್ಯ 20ರಲ್ಲಿ ಪಿಸುಗುಟ್ಟಿದರೆ ಅದು ದೋಷವಲ್ಲ. ಮೀಟರ್ ಆಳದ ನಾಣ್ಯ ತೋರಿಸುವುದಾಗಿ ಹೇಳುವ ಜಾಹೀರಾತುಗಳನ್ನು ನಂಬಬೇಡಿ.

ಮಷಿನ್ ಹೊಸದಿದ್ದಾಗಲೇ ಒಂದು ನಾಣ್ಯವನ್ನು ಇದಕ್ಕೆಂದೇ ಎತ್ತಿಡಿ. ಬಯಲಲ್ಲಿ, ಗೊತ್ತಾದ ಸೆಟಿಂಗ್‌ನಲ್ಲಿ, ಕಾಯಿಲ್‌ನಿಂದ ಎಷ್ಟು ದೂರದವರೆಗೆ ಅದು ಕೇಳಿಸುತ್ತದೆ ಎಂದು ಅಳೆದು ಬರೆದಿಡಿ. ಅನುಮಾನ ಬಂದಾಗ ಅದೇ ನಾಣ್ಯ, ಅದೇ ಸೆಟಿಂಗ್, ಅದೇ ಅಳತೆ. ದೂರ ಅಷ್ಟೇ ಬಂದರೆ ಮಷಿನ್ ಚೆನ್ನಾಗಿದೆ. ಅರ್ಧಕ್ಕೆ ಇಳಿದಿದ್ದರೆ ಮುಂದಿನ ತನಿಖೆ. ಈ ಒಂದು ಅಳತೆ ಉಳಿಸುವಷ್ಟು ಸಮಯವನ್ನು ಬೇರೆ ಯಾವುದೂ ಉಳಿಸುವುದಿಲ್ಲ.

ಮಷಿನ್ ಸರಿಯಿದ್ದೂ ಸದ್ದಿಲ್ಲದಿದ್ದರೆ ಡಿಸ್ಕ್ರಿಮಿನೇಶನ್, ಅಂದರೆ ಬೇಡದ ಲೋಹದ ಸದ್ದನ್ನು ಅಡಗಿಸುವ ಸೆಟಿಂಗ್, ಜಾಸ್ತಿ ಇಟ್ಟಿರುತ್ತೀರಿ. ಕಸದ ಲೋಹ ಬೇಡ ಅಂತ ಹೆಚ್ಚಿಸಿದಂತೆಲ್ಲ ಚಿಕ್ಕ, ತೆಳು ನಾಣ್ಯಗಳೂ ಅದರ ಜೊತೆ ಹೋಗುತ್ತವೆ. ಮೊಳೆಗಳು ತುಂಬಿದ ಹಳೆಯ ಮನೆಯ ಜಾಗದಲ್ಲಿ ಇನ್ನೊಂದು ತೊಂದರೆ. ಕಾಯಿಲ್ ಕೆಳಗೆ ಒಟ್ಟಿಗೆ ಮೂರು ಮೊಳೆ, ಒಂದು ನಾಣ್ಯ ಇದ್ದರೆ ಮೊಳೆಗಳ ಉತ್ತರ ನಾಣ್ಯವನ್ನು ಮುಚ್ಚಿಬಿಡುತ್ತದೆ. ಮಷಿನ್ ಸುಮ್ಮನಿದೆ ಅಂದರೆ ನೆಲ ಖಾಲಿ ಅಂತಲ್ಲ. ಡಿಸ್ಕ್ರಿಮಿನೇಶನ್ ಪೂರ್ತಿ ತೆಗೆದು ಕಬ್ಬಿಣದ ಸದ್ದನ್ನೂ ಕೇಳಿಸಿಕೊಳ್ಳಿ. ಚಿಕ್ಕ ಕಾಯಿಲ್ ಹಾಕಿ, ನಿಧಾನಕ್ಕೆ ಬೀಸಿ.

ಉಳಿದದ್ದು ಅಭ್ಯಾಸ. ಕೂಳೆಗೆ ತಾಗದಿರಲೆಂದು ಕಾಯಿಲ್ಲನ್ನು ಗೇಣುದ್ದ ಮೇಲೆ ಹಿಡಿದರೆ ಅಷ್ಟು ಆಳ ಅಲ್ಲೇ ಹೋಯಿತು. ಬೀಸಿನ ಕೊನೆಯಲ್ಲಿ ಕೈ ಮೇಲೆತ್ತುವ ಚಾಳಿಯೂ ಹಾಗೇ. ಆಗ ತಾನೇ ಉತ್ತ ಹೊಲ ಹಿಟ್ಟಿನಂತೆ ಸಡಿಲವಾಗಿ ನಡುವೆ ಗಾಳಿ ತುಂಬಿಕೊಂಡಿರುತ್ತದೆ. ಒಂದು ಮಳೆ ಬಿದ್ದು ಮಣ್ಣು ಕೂತ ಮೇಲೆ ಅದೇ ಹೊಲ ಚೆನ್ನಾಗಿ ಮಾತಾಡುತ್ತದೆ.

ಸಿಗ್ನಲ್ ಚೆನ್ನಾಗಿತ್ತು, ಅಗೆದರೆ ಮಾಯ

ಅಗೆಯುವ ಮುಂಚೆಯೇ ಸಿಗ್ನಲ್ಲನ್ನು ಪರೀಕ್ಷಿಸಿ. ಒಂದು ದಿಕ್ಕಿನಿಂದ ಬೀಸಿ ಕೇಳಿ. ಆಮೇಲೆ ಕಾಲು ಸುತ್ತು ತಿರುಗಿ ನಿಂತು, ಅಡ್ಡ ದಿಕ್ಕಿನಿಂದ ಬೀಸಿ. ನಾಣ್ಯ ದುಂಡಗಿರುವುದರಿಂದ ಎರಡೂ ಕಡೆ ಒಂದೇ ಥರ ಕೇಳಿಸುತ್ತದೆ. ಬಾಗಿದ ಮೊಳೆ ಒಂದು ಕಡೆಯಿಂದ ಬೆಳ್ಳಿಯಂತೆ ಎತ್ತರದ ದನಿ ಕೊಟ್ಟು, ಇನ್ನೊಂದು ಕಡೆಯಿಂದ ಗೊಗ್ಗರು ಸದ್ದಾಗುತ್ತದೆ. ಪಿನ್‌ಪಾಯಿಂಟ್ ಮಾಡಿದಾಗ, ಅಂದರೆ ಡಿಟೆಕ್ಟರ್‌ನಲ್ಲಿ ನಿಖರ ಜಾಗ ಗುರುತಿಸಿದಾಗ, ಮೊದಲು ಸದ್ದು ಬಂದ ಜಾಗಕ್ಕೂ ಈಗ ತೋರಿಸುವ ಜಾಗಕ್ಕೂ ಒಂದು ಗೇಣು ವ್ಯತ್ಯಾಸ ಇದ್ದರೂ ಕಬ್ಬಿಣವೇ ಇರಬೇಕು. ಬಾಟಲಿಯ ಕಬ್ಬಿಣದ ಮುಚ್ಚಳ, ಚಪ್ಪಟೆ ತುಕ್ಕು ತಗಡು ಮಾತ್ರ ಈ ಪರೀಕ್ಷೆಯಲ್ಲೂ ಮೋಸ ಮಾಡುತ್ತವೆ. ಇಷ್ಟಾದರೂ ಅನುಮಾನ ಉಳಿದರೆ ಅಗೆಯಿರಿ.

ಗುಂಡಿಯಲ್ಲಿ ಸದ್ದು ನಿಂತರೆ ಮೊದಲು ಹೊರಗೆ ಹಾಕಿದ ಮಣ್ಣಿನ ಗುಡ್ಡೆಯನ್ನು ನೋಡಿ. ಅಲ್ಲೂ ಇಲ್ಲದಿದ್ದರೆ ಗುಂಡಿಯ ಗೋಡೆಗಳಿಗೆ ಪಿನ್‌ಪಾಯಿಂಟರ್ ಹಿಡಿಯಿರಿ. ಅಗೆಯುವಾಗ ನಾಣ್ಯ ಮಗ್ಗುಲಾಗಿ ನಿಂತುಬಿಟ್ಟಿದ್ದರೆ ಮೇಲಿನಿಂದ ಕಾಯಿಲ್‌ಗೆ ಅದರ ಅಂಚು ಮಾತ್ರ ಕಾಣುತ್ತದೆ, ಸದ್ದು ಕುಗ್ಗುತ್ತದೆ. ಹಳೆಯ ಕಬ್ಬಿಣದ ಸುತ್ತ ವರ್ಷಗಟ್ಟಲೆ ಹರಡಿದ ತುಕ್ಕಿನ ಮಣ್ಣು ಅಗೆದಾಗ ಚದುರುತ್ತದೆ, ಆಗ ದೊಡ್ಡದಾಗಿ ಕೇಳಿಸಿದ್ದು ಏನೂ ಇಲ್ಲದಂತಾಗುತ್ತದೆ. ಪುಡಿಯಾದ ಕೆಂಪು ಮಣ್ಣು ಕೈಗೆ ಸಿಕ್ಕರೆ ಕಾರಣ ಅದೇ. ಪಿನ್‌ಪಾಯಿಂಟರ್ ಎಲ್ಲೆಲ್ಲೂ ಗುಂಯ್‌ಗುಟ್ಟುತ್ತಿದ್ದರೆ ಅಗೆಯುವ ಕೈಯ ಉಂಗುರ ತೆಗೆದು, ಪಿನ್‌ಪಾಯಿಂಟರ್‌ನ ತುದಿಯನ್ನು ಆ ಮಣ್ಣಿಗೇ ತಾಗಿಸಿ ಮತ್ತೆ ಆನ್ ಮಾಡಿ.

ಪ್ರತಿ ಸಲ ಗುಂಡಿ ಒಂದೇ ಕಡೆಗೆ ತಪ್ಪುತ್ತಿದೆಯೇ? ಬ್ಲೂಟೂತ್ ಹೆಡ್‌ಫೋನ್ ಬಳಸುತ್ತಿದ್ದರೆ ಅದನ್ನು ತೆಗೆದು ನೋಡಿ. ಸಾಧಾರಣ ಬ್ಲೂಟೂತ್‌ನಲ್ಲಿ ಸದ್ದು ಕಿವಿಗೆ ಬರುವಷ್ಟರಲ್ಲಿ ಕಾಯಿಲ್ ನಾಣ್ಯವನ್ನು ದಾಟಿ ಮುಂದೆ ಹೋಗಿರುತ್ತದೆ. ತಂತಿಯ ಹೆಡ್‌ಫೋನ್ ಅಥವಾ ಡಿಟೆಕ್ಟರ್‌ಗೆಂದೇ ಮಾಡಿದ, ವಿಳಂಬ ಕಡಿಮೆ ಇರುವ ವೈರ್‌ಲೆಸ್ ಬಳಸಿ.

ಅಗೆಯುವ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಜಮೀನಿನವರ ಒಪ್ಪಿಗೆ ಇಲ್ಲದೆ, ಸಂರಕ್ಷಿತ ಸ್ಮಾರಕದ ಆವರಣದಲ್ಲಿ, ಆಯಾ ದೇಶದ ಕಾನೂನು ಬೇಡ ಎಂದ ಕಡೆ ಮಷಿನ್ ಆನ್ ಕೂಡ ಮಾಡಬಾರದು. ಎಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತು ಅನ್ನುವುದು ಹಳೆಯ ವಸ್ತುವಿನ ಅರ್ಧ ಕಥೆ, ಅದು ಒಮ್ಮೆ ಹೋದರೆ ಹೋಯಿತು. ಯುದ್ಧ ನಡೆದ ಪ್ರದೇಶದಲ್ಲಿ ದೊಡ್ಡ, ಉದ್ದನೆಯ ಕಬ್ಬಿಣ ಕಂಡರೆ ಸಲಿಕೆ ಅಲ್ಲೇ ನಿಲ್ಲಿಸಿ. ಸಿಡಿಯದೆ ಉಳಿದ ಶೆಲ್ ಎಷ್ಟು ಹಳೆಯದಾದರೂ ಸಿಡಿಯಬಹುದು. ಮುಟ್ಟಬೇಡಿ, ಜಾಗ ಗುರುತು ಮಾಡಿ, ದೂರ ಸರಿದು ಪೊಲೀಸರಿಗೆ ತಿಳಿಸಿ.

ಬ್ಯಾಟರಿ ಮತ್ತು ಹೆಡ್‌ಫೋನ್

ಇವೆರಡೂ ಚಿಕ್ಕ ವಿಷಯ. ರೀಚಾರ್ಜ್ ಮಾಡುವ ನಿಕಲ್ ಸೆಲ್ 1.2 ವೋಲ್ಟ್, ಆಲ್ಕಲೈನ್ 1.5 ವೋಲ್ಟ್. ಹಾಗಾಗಿ ಚಾರ್ಜ್ ಪೂರ್ತಿ ಇದ್ದರೂ ಬ್ಯಾಟರಿ ಗುರುತು ಒಂದು ಗೆರೆ ಕಡಿಮೆ ತೋರಿಸಬಹುದು, ಅದು ದೋಷವಲ್ಲ. ನಡೆಯುವಾಗ ಆಗಾಗ ಆಫ್ ಆಗಿ ಆನ್ ಆದರೆ ಬ್ಯಾಟರಿ ಗೂಡಿನ ಸ್ಪ್ರಿಂಗ್ ಸಡಿಲವಾಗಿದೆ ಅಥವಾ ಸೆಲ್ ಸೋರಿ ಬಿಳಿ ಪುಡಿ ಕಟ್ಟಿದೆ. ಹೆಡ್‌ಫೋನ್‌ನಲ್ಲಿ ಕರಕರ ಅಂತಿದ್ದು ಸ್ಪೀಕರ್‌ನಲ್ಲಿ ಇಲ್ಲದಿದ್ದರೆ ಜ್ಯಾಕ್‌ನ ಕತ್ತಿನಲ್ಲಿ ತಂತಿ ಮುರಿದಿದೆ. ತಿಂಗಳು ಮೀರಿ ಬಳಸುವುದಿಲ್ಲ ಅಂದರೆ ಸೆಲ್ ತೆಗೆದಿಡಿ.

ಇಷ್ಟಾದರೂ ಸರಿಹೋಗದಿದ್ದರೆ

ಅದೇ ಮಾದರಿಯ ಇನ್ನೊಂದು ಕಾಯಿಲ್ ಯಾರಲ್ಲಾದರೂ ಇದ್ದರೆ ಐದು ನಿಮಿಷಕ್ಕೆ ಕೇಳಿ ಪಡೆಯಿರಿ. ನಿಮ್ಮ ಮಷಿನ್‌ಗೆ ಅದನ್ನು ಹಾಕಿದಾಗ ಸರಿಯಾದರೆ ದೋಷ ಕಾಯಿಲ್‌ನಲ್ಲಿ. ಹಾಗೇ ಉಳಿದರೆ ಪೆಟ್ಟಿಗೆಯಲ್ಲಿ. ಕಾಯಿಲ್ ಆದರೆ ಬದಲಿಸುವುದೇ ಸರಿ. ಬಿರುಕಿಗೆ ಎಪಾಕ್ಸಿ ಮೆತ್ತಿದರೆ ಹೊರಗಿನ ನೀರು ನಿಲ್ಲುತ್ತದೆ, ಆದರೆ ಒಳಗೆ ಆಗಲೇ ಸೇರಿದ ನೀರು ಮತ್ತು ಜರುಗಿದ ಸುರುಳಿ ಅದರಿಂದ ಸರಿಯಾಗುವುದಿಲ್ಲ. ಪೆಟ್ಟಿಗೆ ಆದರೆ ವಾರಂಟಿ ಮುಗಿಯುವವರೆಗೆ ಸ್ಕ್ರೂ ಬಿಚ್ಚಬೇಡಿ.

ರಿಪೇರಿಗೆ ಕಳಿಸುವಾಗ ‘ಕೆಲಸ ಮಾಡುತ್ತಿಲ್ಲ’ ಅಂತ ಒಂದು ಸಾಲು ಬರೆದರೆ ಅವರ ಮೇಜಿನ ಮೇಲೆ ಅದು ಸರಿಯಾಗಿಯೇ ಕೆಲಸ ಮಾಡಿ ಹಾಗೇ ವಾಪಸ್ ಬರುತ್ತದೆ. ಮೊದಲ ಪರೀಕ್ಷೆಯ ಯಾವ ಹಂತದಲ್ಲಿ ಕೂಗಿತು, ಆಗ ಸೆನ್ಸಿಟಿವಿಟಿ ಎಷ್ಟಿತ್ತು, ನೀರಿಗೆ ಇಳಿದಿತ್ತೇ, ಪರೀಕ್ಷೆಯ ನಾಣ್ಯ ಮೊದಲು ಎಷ್ಟು ದೂರಕ್ಕೆ ಕೇಳಿಸುತ್ತಿತ್ತು, ಈಗ ಎಷ್ಟಕ್ಕೆ ಕೇಳಿಸುತ್ತಿದೆ ಎಂದು ಬರೆದು, ಸದ್ದಿನ ಒಂದು ಚಿಕ್ಕ ವಿಡಿಯೊ ಜೊತೆಗಿಡಿ. ಕಾಯಿಲ್ ಮತ್ತು ಕೇಬಲ್ಲನ್ನೂ ಪೆಟ್ಟಿಗೆಯ ಜೊತೆಗೇ ಕಳಿಸಿ.